ಪ್ರಚಂಡಸೇನನ ದವಡೆಯಲ್ಲಿ ಬೀಡುಬಿಟ್ಟ ಮಹನೀಯರಿಗೆ

ಡೊಂಬಿವಲಿ (ಪೂರ್ವ)
ಫೆಬ್ರವರಿ, ೨೦೧೧

ಮಾನ್ಯರೇ,

ನನ್ನ ಎಡಗಡೆಯ ಕೆಳದವಡೆಯ ಕಟ್ಟಕಡೆಯ ಹಲ್ಲಿನ ಬುಡದಲ್ಲಿ, ಒಸಡೆಂಬ ಕೋಟೆಯ ಮರೆಯಲ್ಲಿ, ಗಾಳಿ ಸುಳಿಯದ ನೆಲಮಾಳಿಗೆಯಲ್ಲಿ ನನ್ನ ಬಾಲ್ಯದಿಂದಲೂ ಸಂಸಾರ ಹೂಡಿಕೊಂಡು ಬಂದಿರುವ, ಆಮ್ಲಜನಕದ ಹೆಸರೆತ್ತಿದರೆ ಮುಖ ತಿರುಗಿಸುವ ಬ್ಯಾಕ್ಟೀರಿಯಾ ಮಹಾಶಯರೆಲ್ಲರ ಪಾದಾರವಿಂದಗಳಿಗೆ, ಪಾದಗಳಿಲ್ಲದಿದ್ದಲ್ಲಿ ಇರುವ ಯಾವುದಾದರೊಂದು ತುದಿಗೆ, ಹೋಟೆಲು ನಡೆಸುವ ಯಜ್ಞೇಶ್ವರನ ದೀರ್ಘದಂಡ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕ್ಷೇಮದ ಫಲವನ್ನು ನಾನು ಗಲ್ಲದ ತುಂಬ ಅನುಭವಿಸಿದ್ದೇನಾದ್ದರಿಂದ ಆ ವಿಚಾರದಲ್ಲಿ ಸಂಶಯವೇನೂ ಇಲ್ಲ.

ತಾವು ಒಳಗಿನವರು, ಹೊರಗೆ ನನ್ನ ಕೀರ್ತಿ ಎಂಥದೆಂದು ತಮಗೆ ತಿಳಿದಿರಲಾರದು. ನಮ್ಮ ನಾಟಕ ಮಂಡಳಿ ವರ್ಷಕ್ಕೊಮ್ಮೆ ಕಲ್ಯಾಣದಲ್ಲಿ ಆಡುವ ‘ಪ್ರಚಂಡಸೇನನ ಪತನ’ದಲ್ಲಿ ಆ ದುಷ್ಟರಾಜನ ಕಿರೀಟ ಮೊದಲ ಪ್ರಯೋಗದಿಂದಲೂ ಈ ತಲೆಯನ್ನು ಬಿಟ್ಟು ಬೇರೆ ತಲೆ ಕಂಡದ್ದಿಲ್ಲ. ನಾನು ಒಮ್ಮೆ ಗರ್ಜಿಸಿದರೆ ಮುಂದಿನ ಸಾಲಿನಲ್ಲಿ ತೂಕಡಿಸುವ ಅಧ್ಯಕ್ಷರು ಬೆಚ್ಚಿಬಿದ್ದು ಚಪ್ಪಾಳೆ ತಟ್ಟುತ್ತಾರೆ, ಹಿಂದಿನ ಸಾಲಿನ ಕೂಸುಗಳು ಹೋ ಎಂದು ಅಳುತ್ತವೆ, ಹೊರಗೆ ನಿಂತ ರಿಕ್ಷಾದವರು ಒಳಗೆ ಜಗಳವಾಯಿತೆಂದು ಇಣುಕುತ್ತಾರೆ. ಇಂಥ ಕಂಠವನ್ನು ಕಾಪಾಡಲೆಂದು ಮಂಡಳಿಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ: ನಾಟಕದ ಹಿಂದಿನ ವಾರವಿಡೀ ಮುಖ್ಯ ಪಾತ್ರಧಾರಿ ಮೌನ. ಮಾತಿಲ್ಲ, ಪಿಸುಮಾತಿಲ್ಲ; ಬರೆದು ತೋರಿಸುವುದೂ ಮಾತೇ ಎಂದು ನಿರ್ದೇಶಕ ತಾರಾನಾಥನ ತೀರ್ಮಾನವಾದ್ದರಿಂದ ಅದೂ ಇಲ್ಲ. ತಾಲೀಮಿನಲ್ಲಿ ನಾನು ಕೈಕಾಲು ಆಡಿಸಬೇಕು, ಪ್ರಾಂಪ್ಟರ್ ಪ್ರೇಮನಾಥ ಪರದೆಯ ಪಕ್ಕದಿಂದ ನನ್ನ ಮಾತುಗಳನ್ನು ಸೊಳ್ಳೆಯ ದನಿಯಲ್ಲಿ ಓದಬೇಕು.

ತಾವು, ಮಹನೀಯರೇ, ದಂಡೆತ್ತಿ ಬರಲು ಆಯ್ದುಕೊಂಡದ್ದು ಇದೇ ವಾರವನ್ನು! ಆಹಾ, ಏನು ಯುದ್ಧನೀತಿ! ಬಾಯಿ ಮುಚ್ಚಿಕೊಳ್ಳಲು ಪ್ರತಿಜ್ಞೆ ಮಾಡಿದವನ ಬಾಯೊಳಗೇ ಬಂಡಾಯ!

ಹಲ್ಲು ಮೊದಲು ಮಿಡಿಯಿತು, ಆಮೇಲೆ ಡೋಲು ಬಡಿಯಿತು. ನಾನು ಗಲ್ಲ ಹಿಡಿದುಕೊಂಡು ಮನೆಯೊಳಗೆ ಶತಪಥ ತಿರುಗಿದರೆ ನನ್ನ ಹೆಂಡತಿ ವೇದಾವತಿ ಅದನ್ನು ಎರಡನೆಯ ಅಂಕದ ತಾಲೀಮೆಂದೇ ತಿಳಿದಳು. ಅನ್ನದ ತಟ್ಟೆಯನ್ನು ನೋವಿನಿಂದ ಪಕ್ಕಕ್ಕೆ ಸರಿಸಿದಾಗ, “ಎಂತ ಮಾರಾಯ್ರೆ ಇದು, ಮನೆಯಲ್ಲೂ ರಾಜನೇ ಆಗ್ಬೇಕಾ ನಿಮಗೆ? ಊಟ ಬೇಡದಿದ್ದರೆ ಬೇಡ, ಹಾಗೆ ಕಣ್ಣು ಕೆಕ್ಕರಿಸುದೆಂತಕ್ಕೆ?” ಎಂದು ತಟ್ಟೆಯನ್ನೇ ಒಳಗೆ ಕೊಂಡುಹೋದಳು. ತಾರಾನಾಥನಂತೂ ಉಬ್ಬಿದ ನನ್ನ ಗಲ್ಲವನ್ನು ದೀಪದ ಬೆಳಕಿಗೆ ಹಿಡಿದು, “ನೋಡಿ ಎಲ್ಲ, ಇದಕ್ಕೆ ತಪಸ್ಸು ಅಂತ ಹೇಳುದು! ಪಾತ್ರ ಮೋರೆಗೇ ಇಳಿದು ಬಂದಿದೆ. ಮೇಕಪ್ಪಿನವನಿಗೆ ಅರ್ಧ ಕೆಲಸ ಇಲ್ಲ!” ಎಂದು ಘೋಷಿಸಿಬಿಟ್ಟ. ನಾನು ಬಾಯಿಯತ್ತ ಬೆರಳು ತೋರಿಸಿ, ಎದೆ ಬಡಿದುಕೊಂಡು, ಎರಡೂ ಕೈ ಜೋಡಿಸಿ ಬೇಡಿಕೊಂಡೆ. ಇಡೀ ತಂಡ ಎದ್ದುನಿಂತು ಚಪ್ಪಾಳೆ ತಟ್ಟಿತು.

ತಮ್ಮ ಸುಗಂಧದ ಮಹಿಮೆಯನ್ನೂ ಇಲ್ಲಿ ಕೊಂಡಾಡದಿದ್ದರೆ ಕೃತಘ್ನನಾದೇನು. ಗಾಳಿಯಿಲ್ಲದ ಮನೆಯಲ್ಲಿ ತಾವು ಬೇಯಿಸಿದ ಆ ಅಡುಗೆಯ ಪರಿಮಳ ಬಾಯಿ ಮುಚ್ಚಿದರೂ ಮೂಗಿನ ದಾರಿ ಹಿಡಿದು ಹೊರಬಂದು, ರಾಣಿಯ ಪಾತ್ರದ ಲೋಲಾಕ್ಷಿಯನ್ನು ಎಲ್ಲರಿಗಿಂತ ಮೊದಲು ತಲುಪಿತು. “ಯಜ್ಞಣ್ಣ, ಸಿಂಹಾಸನ ಸ್ವಲ್ಪ ಆಚೆ ಇಡಿ ಆಯ್ತಾ. ರಾಣಿಗೆ ಮೂರ್ಛೆ ಬರುದು ಮೂರನೇ ಅಂಕದಲ್ಲಿ, ನನಗೆ ಈಗಲೇ ಬರ್ತಾ ಉಂಟು” ಎಂದು ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಊತ ಗಲ್ಲ ದಾಟಿ ಗದ್ದದ ಅಡಿಗೆ ಇಳಿದು, ನನ್ನದೇ ಎಂಜಲನ್ನು ನುಂಗಲಾರದೆ ನಾನು ಕರವಸ್ತ್ರಕ್ಕೆ ಒರೆಸಿಕೊಳ್ಳುವುದನ್ನು ಕಂಡ ಮೇಲೆ ವೇದಾವತಿಗೆ ಇದು ಯಾವ ಅಂಕದಲ್ಲೂ ಇಲ್ಲವೆಂಬುದು ಹೊಳೆಯಿತು. “ನಿಮ್ಮ ವ್ರತ ನಿಮ್ಮ ಬಾಯಿಗೆ, ನನ್ನ ಬಾಯಿಗಲ್ಲ” ಎಂದು ಹೇಳಿ, ತನ್ನ ಅಕ್ಕನ ಮಗಳು ದಂತವೈದ್ಯೆ ಮಾನಸಿಗೆ ಫೋನು ಮಾಡಿ, ನನ್ನ ರಟ್ಟೆ ಹಿಡಿದು ಅವಳ ದವಾಖಾನೆಯಿರುವ ಸೀವುಡ್ಸ್‌ಗೆ ಹೊರಡಿಸಿಯೇಬಿಟ್ಟಳು. ಆ ದಾರಿಯಲ್ಲಿ ತಾವು ಮಾಡಿದ ಉಪಕಾರವನ್ನು ಏಳೇಳು ಜನ್ಮಕ್ಕೂ ಮರೆಯಲಾರೆ. ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಲೋಕಲ್ ಹತ್ತಿದವನಿಗೆ ಒಂದು ಕಾಲೂರಲು ಜಾಗ ಸಿಕ್ಕರೆ ಅದು ಪೂರ್ವಪುಣ್ಯ. ನಾನು ಒಮ್ಮೆ ಉಸಿರು ಬಿಟ್ಟೆನಷ್ಟೆ. ಕಿಟಕಿಯ ಪಕ್ಕದಲ್ಲಿದ್ದ ತರುಣ, “ಕಾಕಾ, ತುಮ್ಹಿ ಬಸಾ, ಆಮ್ಹಿ ಉಭೇ ರಾಹತೋ” ಎಂದು ಗೌರವದಿಂದ ಎದ್ದು ನಿಂತ. ಅವನ ಹಿಂದೆಯೇ ಇಡೀ ಬೆಂಚು ಎದ್ದು ನಿಂತಿತು. ರೈಲ್ವೆಯವರಿಂದಾಗದ್ದನ್ನು ತಾವು ಮಾಡಿ ತೋರಿಸಿದಿರಿ!

ಮಾನಸಿ ಕುರ್ಚಿಯಲ್ಲಿ ಕೂರಿಸಿ, “ಚಿಕ್ಕಪ್ಪಾ, ತೋಂಡ ಉಘಡಾ” ಎಂದು ಬಾಯಿ ತೆರೆಯಲು ಹೇಳಿದಳು. ವಾರದ ಮೌನ ಮುರಿದು ಪ್ರಚಂಡಸೇನ ಉಚ್ಚರಿಸಿದ ಮೊದಲ ಮಾತು “ಆ”. ಅದೂ ಒಂದು ಬೆರಳು ತೂರುವಷ್ಟೇ ಅಗಲದ “ಆ”. ಅದಕ್ಕಿಂತ ಹೆಚ್ಚು ದವಡೆ ತೆರೆಯಲಿಲ್ಲ. ಎಲ್ಲಿಂದ ಬಂದರು ಈ ಶತ್ರುಗಳು ಎಂದು ವೇದಾವತಿ ಕೇಳಿದ್ದಕ್ಕೆ, ಕನ್ನಡ ಅರ್ಥವಾದರೂ ಮರಾಠಿ, ಹಿಂದಿಯಲ್ಲೇ ಉತ್ತರಿಸುವ ಆ ಹುಡುಗಿ, “ಬಾಹರ್ ಸೇ ಕೋಈ ನಹೀ ಆಯಾ ಮೌಸೀ, ಯೇ ಸಬ್ ಇನ್‌ಕೇ ಘರ್‌ವಾಲೇ ಹೀ ಹೈ” ಎಂದಳು. ಹೊರಗಿನಿಂದ ಬಂದವರು ಯಾರೂ ಇಲ್ಲ, ಎಲ್ಲ ನನ್ನ ಮನೆಮಂದಿಯೇ ಅಂತೆ! ಎಲ್ಲ ಮನುಷ್ಯರ ಬಾಯಲ್ಲೂ ತಮ್ಮಂಥವರು ಶಾಂತವಾಗಿ ಇರುತ್ತಾರಂತೆ. ಹುಳುಕು ಹಲ್ಲೊಂದು ದಾರಿ ಬಿಟ್ಟುಕೊಟ್ಟರೆ ಮಾಂಸದ ಆಳಕ್ಕಿಳಿದು ಅಲ್ಲಿ ರಾಜ್ಯ ಕಟ್ಟುತ್ತಾರಂತೆ. ಆಮೇಲೆ ಅವಳು ನಗಲಿಲ್ಲ. ಊತ ಇನ್ನಷ್ಟು ಕೆಳಗೆ ಹಬ್ಬಿದರೆ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ, ಈಗಲೇ ಆಸ್ಪತ್ರೆಗೆ ಹೊರಡಿ ಎಂದಳು. ಭಾನುವಾರ ನಾಟಕವಿದೆಯೆಂದು ನಾನು ಬೆರಳುಗಳಲ್ಲಿ ಕಿರೀಟ ಮಾಡಿ ತೋರಿಸಿದೆ. ವೇದಾವತಿ ಆ ಕಿರೀಟವನ್ನು ತನ್ನ ಎರಡು ಕೈಗಳಿಂದ ಇಳಿಸಿ, ಬಿಡದೆ ಹಿಡಿದುಕೊಂಡಳು.

ಆಸ್ಪತ್ರೆಯವರು ಗದ್ದದ ಅಡಿಯಲ್ಲಿ ಕೊಯ್ದು, ತಮ್ಮ ರಾಜಧಾನಿಯನ್ನು ಬರಿದು ಮಾಡಿ, ಹುಳುಕು ಹಲ್ಲನ್ನು ಕಿತ್ತು, ರಬ್ಬರಿನ ನಳಿಗೆಯೊಂದನ್ನು ಸಿಕ್ಕಿಸಿ ನನ್ನನ್ನು ಮಲಗಿಸಿದರು. ಭಾನುವಾರ ಸಂಜೆ ಕಲ್ಯಾಣದಲ್ಲಿ ತೆರೆ ಎದ್ದಿತು. ಕಿರೀಟ ಪ್ರೇಮನಾಥನ ತಲೆಯೇರಿತು, ಏಕೆಂದರೆ ಮಾತೆಲ್ಲ ಬಾಯಿಗೆ ಬರುತ್ತಿದ್ದದ್ದು ಅವನೊಬ್ಬನಿಗೇ. ನಾನು ಗೋಡೆಯತ್ತ ಮುಖ ಮಾಡಿ ಮಲಗಿದ್ದೆ.

“ಹೇಳಿ ನೋಡುವ ನಿಮ್ಮ ಆ ಕೊನೇ ಮಾತು” ಎಂದಳು ವೇದಾವತಿ.

ರಣರಂಗದಲ್ಲಿ ಬಿದ್ದ ಪ್ರಚಂಡಸೇನನ ಮಾತು ಅದು. ಸಭಾಂಗಣ ನಡುಗುವಂತೆ ನಾನು ಆಡುತ್ತಿದ್ದದ್ದು. ಬೆರಳಗಲದ ಬಾಯಿಂದ, ಇರುವಷ್ಟು ಉಸಿರಿನಲ್ಲಿ ಹೇಳಿದೆ: “ನನ್ನ ಹೆಸರು ಕೇಳಿ ಬಾಗಿಲು ಹಾಕಿಕೊಂಡವರೇ, ತೆರೆಯಿರಿ. ಈಗ ಬಂದವನಿಗೆ ಕಪ್ಪಕಾಣಿಕೆ ಬೇಡ. ಒಂದು ಗುಟುಕು ನೀರು ಸಾಕು.”

ಅವಳು ಮಂಚದ ಅಂಚಿಗೆ ಬಂದು ಕೂತಳು. “ಇಷ್ಟು ವರ್ಷ ನೀವು ಬೊಬ್ಬೆ ಹೊಡಿಯುದು ಮಾತ್ರ ಕೇಳ್ತಿತ್ತು ನನಗೆ. ಇಷ್ಟು ಒಳ್ಳೇ ಮಾತಿತ್ತಾ ಅದರಲ್ಲಿ?” ಎಂದು, ಚಮಚದಲ್ಲಿ ನೀರು ತೆಗೆದು ನನ್ನ ತುಟಿಗೆ ಹಿಡಿದಳು.

ಇದನ್ನು ದೂರಿನ ಪಟ್ಟಿಗೆ ಸೇರಿಸಬೇಕೋ ಉಪಕಾರದ ಪಟ್ಟಿಗೋ ಎಂದು ತಿಳಿಯದೆ ಬಿಟ್ಟಿದ್ದೇನೆ. ತಮ್ಮನ್ನು ಪೂರ್ತಿ ಒಕ್ಕಲೆಬ್ಬಿಸಲು ಯಾವ ಔಷಧಿಗೂ ಸಾಧ್ಯವಿಲ್ಲವೆಂದು ಮಾನಸಿ ಹೇಳಿರುವುದರಿಂದ ನನ್ನ ಬಿನ್ನಹಗಳು ಇಷ್ಟೇ: ತಾವು ಸಭೆ ಸೇರಿ, ಇನ್ನು ಮುಂದೆ ಒಸಡಿನ ಗಡಿ ದಾಟುವುದಿಲ್ಲವೆಂದು ಸರ್ವಾನುಮತದ ಗೊತ್ತುವಳಿ ಮಾಡಬೇಕು, ದಿನಕ್ಕೊಮ್ಮೆಯಾದರೂ ಪ್ರಾಣಾಯಾಮ ಮಾಡಿ ಆಮ್ಲಜನಕದ ಮೇಲಿನ ಹಗೆಯನ್ನು ತಗ್ಗಿಸಿಕೊಳ್ಳಬೇಕು, ಮತ್ತೆ ಉಬ್ಬಿಸಲೇಬೇಕೆಂದು ಹಟವಿದ್ದಲ್ಲಿ ರಾಜಗಾಂಭೀರ್ಯಕ್ಕೆ ಕುಂದು ಬಾರದಂತೆ ಎರಡೂ ಗಲ್ಲಗಳನ್ನು ಸಮಸಮನಾಗಿ ಉಬ್ಬಿಸಬೇಕು.

ತಮಗೆ ವಸತಿ, ಊಟ ಮತ್ತು ಕತ್ತಲೆಯನ್ನು ಒದಗಿಸುತ್ತಿರುವ,
ತಮ್ಮ ವಿಶ್ವಾಸಿ,
ಯಜ್ಞೇಶ್ವರ

ತಾ.ಕ.: ಪ್ರೇಮನಾಥನ ಅಭಿನಯ ಅಮೋಘವಾಗಿತ್ತೆಂದು ನೋಡಲು ಬಂದವರೆಲ್ಲ ನನ್ನ ಹಾಸಿಗೆಯ ಪಕ್ಕದಲ್ಲೇ ನಿಂತು ಹೇಳಿ ಹೋದರು; ನನಗೆ ಬಹಳ ಸಂತೋಷವಾಗಿದೆ. ಅವನು ಶಹಾಡ್ ಸ್ಟೇಷನ್ನಿನ ಎದುರಿನ ಚಾಳಿನಲ್ಲಿ, ಮೊದಲ ಮಹಡಿಯಲ್ಲಿ ಇರುತ್ತಾನೆ. ನಗುವಾಗ ಬಲಗಡೆಯ ದವಡೆ ಹಲ್ಲೊಂದು ಕಪ್ಪಗೆ ಕಾಣಿಸುತ್ತದೆ. ಅಲ್ಲಿರುವ ತಮ್ಮ ಬಂಧುಗಳಿಗೆ ನಾನು ಏನನ್ನೂ ಸೂಚಿಸುತ್ತಿಲ್ಲ. ಕುಶಲ ಕೇಳಿದೆನೆಂದು ಮಾತ್ರ ತಿಳಿಸಿ.