ಎಡಗೈ ಕುರಿತು ನಾನು ಗೆದ್ದ ಚರ್ಚೆ

ನಮ್ಮ ಮಾವನಿಗೆ ಕಿವಿ ಇದೆ, ತಲೆ ಇಲ್ಲ! ಈ ಮಾತನ್ನು ನಾನು ಯಾವ ವೇದಿಕೆಯ ಮೇಲೆ ಬೇಕಾದರೂ ನಿಂತು ಸಾಧಿಸಿ ತೋರಿಸಬಲ್ಲೆ. ಐದು ನಿಮಿಷ ಸಾಕು, ಎಚ್ಚರಿಕೆಯ ಗಂಟೆಗೂ ಮೊದಲೇ ಮುಗಿಸಿರುತ್ತೇನೆ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಶೀಲ್ಡುಗಳು ಕೊಟ್ಟೂರಿನ ನಮ್ಮ ಮನೆಯ ಷೋಕೇಸಿನಲ್ಲಿ ಧೂಳು ತಿನ್ನುತ್ತ ಕೂತಿವೆ. ಅನುಮಾನವಿದ್ದವರು ಬಂದು ನೋಡಬಹುದು.

ಮಾವ ಎಂದರೆ ನಮ್ಮವ್ವನ ತಮ್ಮ. ನಮ್ಮ ಓಣಿಯಲ್ಲೇ, ಎರಡು ಮನೆ ಆಚೆ ಇದ್ದಾನೆ. ಕಸುಬು ಪೇಟಿ ಮಾಸ್ತರಿಕೆ. ನಾಟಕ ಆಡಲೇಬೇಕೆಂದು ಹಟ ಹಿಡಿದ ರೈತರಿಗೆ, ಅಂಗಡಿಕಾರರಿಗೆ ಊರೂರು ಅಲೆದು ಹಾರ್ಮೋನಿಯಂ ಬಾರಿಸಿ ಹಾಡು ಕಲಿಸುವುದು. ಅವನ ಪ್ರಕಾರ ಜಗತ್ತಿನಲ್ಲಿ ಸದ್ದು ಮಾಡುವ ಪ್ರತಿಯೊಂದೂ ಪೇಟಿಯ ಯಾವುದೋ ಒಂದು ಮನೆಯಲ್ಲಿ ವಾಸವಾಗಿದೆ. ಒಂದೊಂದು ಕೀಲಿಯೂ ಅವನಿಗೆ ಒಂದೊಂದು ಮನೆ. ನಮ್ಮ ಕುಕ್ಕರು ‘ಕರಿ ಮೂರು’, ಅಂದರೆ ಮೂರನೇ ಕರಿ ಕೀಲಿ. ಹಡಗಲಿ ಬಸ್ಸಿನ ಹಾರನ್ನು ‘ಬಿಳಿ ಐದು’. ಮನುಷ್ಯರ ಹೆಸರು ಮರೆತರೂ ಮನೆ ಮರೆಯುವುದಿಲ್ಲ: “ಆ ಉಜ್ಜಿನಿ ಬಿಳಿ ನಾಕು ಬಂದಿದ್ದನಲ್ಲ, ಅವಗ ಚಾ ಕೊಟ್ರೇನು?”

ಅತ್ತೆ ಬೈಯುವುದು ಕರಿ ಐದರಲ್ಲಂತೆ. ಒಂದು ಬೆಳಿಗ್ಗೆ ಅವಳು ಎಂದಿನಂತೆ ಬೈಯುತ್ತಿದ್ದರೆ ಮಾವ ಚಾದ ಕಪ್ಪು ಕೆಳಗಿಟ್ಟ.

“ಯಾಕ, ಇವತ್ತು ಒಂದು ಮನಿ ಕೆಳಗ ಇಳಿದೈತಿ? ಮೈ ಬೆಚ್ಚಗೈತೇನು?”

“ನಿಮ್ಮ ಪೇಟಿಗೆ ಬರ್ಲಿ ಜ್ವರ!”

ಸಂಜೆ ಥರ್ಮಾಮೀಟರು ಇಟ್ಟು ನೋಡಿದರೆ ನೂರಾ ಎರಡು! ಕಾಕತಾಳೀಯ ಎಂದು ನಾನು ವಾದಿಸಿದೆ. ಮಾವ ಮಾತ್ರೆ ತರಲು ಹೋಗಿದ್ದ, ನನ್ನ ವಾದ ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಇಟ್ಟಿಗಿಯಲ್ಲಿ ಒಮ್ಮೆ ನಾಯಕನ ಪಾತ್ರಧಾರಿಗೆ ನಾಟಕದ ದಿನವೇ ಗಂಟಲು ಕಟ್ಟಿತು. “ನೀ ಬಾಯಿ ತೆರಿ ಸಾಕು, ಉಳಿದದ್ದು ನಾನೂ ಪೇಟೀನೂ ನೋಡ್ಕಂತೀವಿ” ಎಂದ ಮಾವ. ಅವನು ಬಾಯಿ ತೆರೆದ, ಇವನು ಕೂತಲ್ಲಿಂದ ಹಾಡಿದ, ಜನ ‘ವನ್ಸ್ ಮೋರ್’ ಎಂದು ಕುಣಿದರು. ನಾಯಕನಿಗೆ ಹುರುಪು ಏರಿತು. ಇಷ್ಟು ಚೆನ್ನಾಗಿ ಹಾಡುತ್ತಿದ್ದೇನೆ ಅಂದಮೇಲೆ ಮಾಸ್ತರ ಯಾಕೆ ಬೇಕು? ಎರಡನೇ ಸಲ ತಾನೇ ಹಾಡಿದ. ಅರ್ಧ ಸಭೆ ಚಾ ಕುಡಿಯಲು ಎದ್ದು ಹೋಯಿತು.

ಇಂಥ ಮಾವನ ಎರಡೂ ಮೂತ್ರಪಿಂಡಗಳು ಕೆಟ್ಟವು. ಸಕ್ಕರೆ ಕಾಯಿಲೆಗೆ ಪೇಟಿಯಲ್ಲಿ ಮನೆ ಇಲ್ಲ ನೋಡಿ. ಸದ್ದಿಲ್ಲದೆ ಬಂದದ್ದನ್ನು ಅವನ ಕಿವಿ ಹಿಡಿಯಲಿಲ್ಲ.

ಇನ್ನು ಮುಂದೆ ಸೋಮವಾರ, ಗುರುವಾರ ತಪ್ಪದೆ ಹರಪನಹಳ್ಳಿಗೆ ಹೋಗಿ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ಅದಕ್ಕೆ ಮೊದಲು ಒಂದು ಸಣ್ಣ ಆಪರೇಷನ್ನು.

“ಸೂಜಿ ಹಾಕಾಕ ಒಂದು ಕೈಯಾಗ ಎರಡು ನರ ಕೂಡಿಸಿ ಹೊಲಿಗಿ ಹಾಕ್ತೀವ್ರಿ. ಯಾವ ಕೈ ಕಡಿಮಿ ಬಳಸ್ತೀರಿ?” ಎಂದು ಕೇಳಿದರು ಡಾಕ್ಟರು.

“ಎರಡೂ ಬೇಕ್ರಿ ಸರ.”

ಇದು ಉತ್ತರವೇ? ನಾನು ಸುಮ್ಮನಿರುತ್ತೇನೆಯೇ? ಅಡ್ಡಸವಾಲಿಗೆ ಇಳಿದೆ.

“ಉಣ್ಣೋದು ಯಾವ ಕೈ ಮಾವ?”

“ಬಲಗೈ.”

“ಸಹಿ?”

“ಬಲಗೈ.”

“ಪೇಟಿ ಬಾರಿಸೋದು?”

“ಅದೂ ಬಲಗೈನ... ಆದ್ರ—”

“ಆದ್ರ ಗೀದ್ರ ಬ್ಯಾಡ! ಎಡಗೈಯಾಗ ಏನು ಮಾಡ್ತಿ, ಅದನ್ನ ಹೇಳು.”

“ಗಾಳಿ ಹೊಡಿತೀನವ್ವ.”

“ಗಾಳಿ ಹೊಡಿಯೋದೂ ಒಂದು ಕೆಲಸೇನು?”

ಡಾಕ್ಟರು ನಕ್ಕರು. ಮಾವನೂ ನಕ್ಕ. ಚರ್ಚೆ ಮುಗಿಯಿತು. ಗೆದ್ದವರು ಯಾರೆಂದು ಬೇರೆ ಹೇಳಬೇಕೆ?

ಪೇಟಿಯನ್ನು ಹತ್ತಿರದಿಂದ ನೋಡದವರಿಗಾಗಿ ಹೇಳುತ್ತೇನೆ. ಬಲಗೈ ಬೆರಳು ಕೀಲಿಗಳ ಮೇಲೆ ಓಡಾಡುತ್ತಿದ್ದರೆ, ಎಡಗೈ ಹಿಂದಿನ ತಿದಿಯನ್ನು ತೆರೆದು ಮುಚ್ಚುತ್ತ ಗಾಳಿ ತುಂಬುತ್ತಿರಬೇಕು. ಗಾಳಿ ಇಲ್ಲದಿದ್ದರೆ ಕೀಲಿ ಬರೀ ಕಟ್ಟಿಗೆ. ಡಾಕ್ಟರ ಮುಂದೆ ನಾನು ಅಷ್ಟು ಜಾಣತನದಿಂದ ಗೆದ್ದುಕೊಂಡದ್ದು ಆ ಗಾಳಿಯನ್ನು.

ಹೊಲಿಗೆ ಹಾಕಿದ ಮೇಲೆ ಮಾವನ ಎಡಗೈ ಬೆರಳು ತಣ್ಣಗಾಗತೊಡಗಿದವು. ನಾಲ್ಕು ಸಲ ತಿದಿ ಎಳೆದರೆ ಕೈ ಜೋಮು ಹಿಡಿಯುತ್ತಿತ್ತು. ಒಂದು ಸಂಜೆ ಪೇಟಿ ಮುಚ್ಚಿ ಮೇಲೆ ಜಮಖಾನೆ ಹೊದಿಸಿದ. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎದುರುವಾದವನ್ನಾದರೂ ಮಾಡುತ್ತಿದ್ದೆ!

ಆಸ್ಪತ್ರೆಗೆ ಅವನ ಜೊತೆ ಹೋಗುವವಳು ನಾನು. ಮೊದಮೊದಲು ಅಲ್ಲಿಯೂ ಅವನ ಚಾಳಿ ಬಿಡಲಿಲ್ಲ. ಯಂತ್ರ ಕೂಗಿದಾಗೆಲ್ಲ “ಕರಿ ಎರಡು!” ಎನ್ನುತ್ತಿದ್ದ. ಪಕ್ಕದ ಮಂಚದಲ್ಲಿ ತೆಲಿಗಿಯ ಟೈಲರೊಬ್ಬರು ಇರುತ್ತಿದ್ದರು. “ನಂದು ಯಾವ ಮನ್ಯಾಗ ಐತ್ರಿ ಮಾಸ್ತರ?” ಎಂದು ಕೇಳುವರು. “ನಿಮ್ಮದೂ ಕರಿ ಎರಡ ರೀ. ಒಂದ ಓಣಿ ಆದ್ವಿ ಬಿಡ್ರಿ!” ಇಬ್ಬರೂ ಸೂಜಿ ಅಲುಗದಂತೆ ಜೋಪಾನವಾಗಿ ನಗುತ್ತಿದ್ದರು.

ಒಂದು ಸೋಮವಾರ ಆ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಮಾವ ಸಿಸ್ಟರನ್ನು ಏನೂ ಕೇಳಲಿಲ್ಲ. ಸಿಸ್ಟರೂ ಹೇಳಲಿಲ್ಲ. ವಾಪಸು ಬರುವಾಗ ಬಸ್ಸು ದಾರಿಯುದ್ದಕ್ಕೂ ಹಾರನ್ನು ಹೊಡೆಯಿತು, ಮಾವ ಅದರ ಮನೆ ಹೇಳಲಿಲ್ಲ. ಮನೆಗೆ ಬಂದ ಮೇಲೆ ಕುಕ್ಕರು ಕೂಗಿತು, ಆಗಲೂ ಹೇಳಲಿಲ್ಲ. ಅತ್ತೆ ಒಲೆ ಆರಿಸಿ, ಬಾಗಿಲಲ್ಲಿ ನಿಂತು ಅವನನ್ನೇ ನೋಡಿದಳು.

ಬುಧವಾರ ಮಧ್ಯಾಹ್ನ ಬಾಯಿ ಬಿಟ್ಟ: “ನಾಳೆ ನಾ ಬರಂಗಿಲ್ಲ. ಇನ್ನ ಮ್ಯಾಲೂ ಬರಂಗಿಲ್ಲ.”

ಬಿಟ್ಟರೆ ಏನಾಗುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ನಾನು ವಾದಕ್ಕೆ ಇಳಿದೆ. ಪೀಠಿಕೆ ಹಾಕಿದೆ, ಕಾರಣ ಕೊಟ್ಟೆ, ಅವನು ಎತ್ತಬಹುದಾದ ಆಕ್ಷೇಪಗಳನ್ನು ನಾನೇ ಎತ್ತಿ ನಾನೇ ಮುರಿದೆ. ಕೊನೆಗೆ ಅತ್ತೆಯತ್ತ ಕೈ ತೋರಿಸಿದೆ, ಅದು ನನ್ನ ಸಮಾರೋಪ. ಮಾವ ಪೂರ್ತಿ ಕೇಳಿದ.

“ಎಲ್ಲಾ ಖರೇನ ವಕೀಲವ್ವ. ನೀನ ಗೆದ್ದಿ. ಆದ್ರ ಬರಂಗಿಲ್ಲ.”

ಗೆಲುವು ಇಷ್ಟು ದಂಡ ಎಂದು ನನಗೆ ಯಾವ ತೀರ್ಪುಗಾರರೂ ಹೇಳಿರಲಿಲ್ಲ.

ಗುರುವಾರ ಬೆಳಿಗ್ಗೆ ಹೋಗಿ ಜಮಖಾನೆ ಕಿತ್ತೆಸೆದೆ. ಪೇಟಿಯನ್ನು ಅವನ ಮುಂದೆ ಇಟ್ಟೆ. ಎದುರಿಗೆ ಕೂತು ತಿದಿಗೆ ಕೈ ಹಾಕಿದೆ.

“ಬಾರಿಸು.”

ಅವನು ನನ್ನನ್ನೇ ನೋಡಿದ. ಬಲಗೈಯ ಒಂದು ಬೆರಳನ್ನು, ಬೇರೆಯವರ ಪೇಟಿ ಮುಟ್ಟುವವನಂತೆ ಇಟ್ಟ. ನಾನು ದಬದಬ ಒತ್ತಿದೆ. ಪೇಟಿ ಒಂದೇ ಸಮನೆ ಒದರಿತು.

“ಎಮ್ಮಿ ಬಿಟ್ಟರ್ಯಾರು?” ಎಂದಳು ಅತ್ತೆ ಅಡುಗೆಮನೆಯಿಂದ.

“ಏ, ಸೈಕಲ್ಲಿಗೆ ಗಾಳಿ ಹೊಡ್ಯಾಕ ಹತ್ತೀಯೇನು? ಮೆಲ್ಲಕ! ಹಾಡು ಉಸಿರು ತಗಳ್ಳಾಗ ನೀನೂ ತಗಾ!”

ಬೈದ! ಮೂರು ದಿನದ ಮೇಲೆ ಬೈದ! ನಾನು ಮೆಲ್ಲಗೆ ಒತ್ತಿದೆ. ಮತ್ತೆ ತಪ್ಪಿದೆ, ಮತ್ತೆ ಬೈಸಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಅವನೇ ಗಡಿಯಾರ ನೋಡಿದ. “ಬಸ್ಸಿಗೆ ಹೊತ್ತಾತು, ಏಳು. ಪೇಟಿ ನೀನ ಹೊರಬೇಕು ಮತ್ತ.”

ಅಂದಿನಿಂದ ಹರಪನಹಳ್ಳಿಯ ಆ ವಾರ್ಡಿನಲ್ಲಿ, ಸಿಸ್ಟರು ಒಪ್ಪಿದ ಹದಿನೈದು ನಿಮಿಷ, ಮೆಲ್ಲಗೆ ನಮ್ಮ ಪೇಟಿ ನಡೆಯುತ್ತದೆ. ಮಾವನ ಎಡಗೈ ಸೂಜಿಗಳ ಜೊತೆ ಅಲುಗದೆ ಮಲಗಿರುತ್ತದೆ. ಬಲಗೈ ಅವನದು, ಎಡಗೈ ನನ್ನದು. ಅಕ್ಕಪಕ್ಕದವರು ಕಣ್ಣು ಮುಚ್ಚಿ ಕೇಳುತ್ತಾರೆ. ಸಂಗೀತದಿಂದ ರೋಗ ಹೋಗುತ್ತದೆಯೇ? ಇಲ್ಲ! ನಾನು ಈಗಲೂ ವಿರೋಧ ಪಕ್ಷದವಳೇ. ರಿಪೋರ್ಟುಗಳು ನನ್ನ ಚೀಲದಲ್ಲಿವೆ, ಪ್ರತಿ ಸಲವೂ ಹಿಂದಿನದಕ್ಕಿಂತ ಕೆಟ್ಟವು. ಅದರಿಂದ ಆಗುವುದು ಇಷ್ಟೇ: ಸೋಮವಾರ ಬಂದವನು ಗುರುವಾರವೂ ಬರುತ್ತಾನೆ.

ಯಂತ್ರ ಕೂಗಿದರೆ “ಪುಕ್ಕಟೆ ಶ್ರುತಿ ಕೊಟ್ಟೈತಿ ನೋಡು” ಎಂದು ಮಾವ ಅಲ್ಲಿಂದಲೇ ಹಾಡು ಎತ್ತಿಕೊಳ್ಳುತ್ತಾನೆ. ಕರಿ ಎರಡು ಅವನ ದನಿ ಹುಟ್ಟಿದ ಮನೆಯಂತೆ. ಮೊನ್ನೆ ಸೋಮವಾರವೂ ಬೆರಳು ಅಲ್ಲಿಗೇ ಹೋಯಿತು. ದನಿ ಅಷ್ಟು ಮೇಲೆ ಹೋಗಲಿಲ್ಲ. ಬೆರಳನ್ನು ಸದ್ದಿಲ್ಲದೆ ಒಂದು ಮನೆ ಕೆಳಗೆ ಸರಿಸಿ, ಏನೂ ಆಗಿಲ್ಲವೆಂಬಂತೆ ಮೊದಲಿನಿಂದ ಹಾಡಿದ. ಆಮೇಲೆ ಓರೆಗಣ್ಣಿನಿಂದ ನನ್ನ ಕಡೆ ನೋಡಿದ. ಕುಕ್ಕರಿಗೂ ಬಸ್ಸಿಗೂ ವ್ಯತ್ಯಾಸ ತಿಳಿಯದ ವಕೀಲವ್ವನಿಗೆ ಇದು ಎಲ್ಲಿ ಗೊತ್ತಾಗಬೇಕು, ಅಲ್ಲವೇ?

ಗೊತ್ತಾಯಿತು ಮಾವ. ಕೇಳಿಸಿತು.

“ಗಾಳಿ ಕಡಿಮಿ ಆತು ನೋಡು,” ಎಂದ.

ಹೌದು, ತಪ್ಪು ನನ್ನದೇ ಎಂದೆ. ಮತ್ತೆ ತಿದಿ ಎಳೆದೆ.