ಬರೀ ಎಣ್ಣೆ ಸಾಲದು

ಎಣ್ಣೆಯ ಕೆಲಸದವನು ಆಗಾಗ ಜಾರಲೇಬೇಕು. ಎರಡು ಸಾವಿರದ ಐದಾರರ ಸುಮಾರಿಗೆ ನಾನು ನೋಯ್ಡಾದ ಕಾರ್ಖಾನೆಗಳಿಗೆ ಯಂತ್ರದ ಎಣ್ಣೆ ಒದಗಿಸುತ್ತಿದ್ದೆ. ಎಣ್ಣೆ ಎಲ್ಲರ ಹತ್ತಿರವೂ ಇತ್ತು. ಅದಕ್ಕೆ ಯಾವ ರಾಸಾಯನಿಕ ಎಷ್ಟು ಬೆರೆಸಬೇಕೆಂಬುದು ಮಾತ್ರ ನನಗೆ ಗೊತ್ತಿತ್ತು. ಆ ಜಂಬ ಈಗಲೂ ಇದೆ.

ಕಪ್ಪು

ಒಂದು ಕಾರ್ಖಾನೆಯ ಫೋರ್‌ಮನ್, ಜನರೇಟರಿನ ಎಣ್ಣೆ ತಿಂಗಳೊಳಗೇ ಕಪ್ಪಾಯಿತೆಂದು ಜಗಳಕ್ಕೆ ಬಂದ. ನಾವು ಬೆರೆಸುವ ಮದ್ದು ಎಂಜಿನ್ನಿನ ಮಸಿಯನ್ನೆಲ್ಲ ಎಣ್ಣೆಗೆ ಎಳೆದುಕೊಳ್ಳುತ್ತದೆ, ಎಣ್ಣೆ ಕಪ್ಪಾದರೆ ಎಂಜಿನ್ ಶುದ್ಧ ಎಂದು ವಿವರಿಸಿದೆ. ಅಚ್ಛಾ ಎಂದು ತಲೆಯಾಡಿಸಿದ. ಮರುದಿನ ಮಾಲೀಕರು ಅವನ ಯೂನಿಫಾರ್ಮ್ ನೋಡಿ ಬೈದರಂತೆ. ಬಟ್ಟೆ ಕಪ್ಪಾದರೆ ಒಳಗಿನ ಮನುಷ್ಯ ಶುದ್ಧ, ಬೇಕಾದರೆ ಎಣ್ಣೆಯವರನ್ನು ಕೇಳಿ ಎಂದನಂತೆ.

ಡಿಟರ್ಜೆಂಟ್

ಆ ಮದ್ದಿನ ಹೆಸರೇನೆಂದೂ ಅವನು ಕೇಳಿದ್ದ. ನಮ್ಮ ಕಸುಬಿನಲ್ಲಿ ಅದನ್ನು ಡಿಟರ್ಜೆಂಟ್ ಎಂದೇ ಕರೆಯುವುದು, ಹಾಗೇ ಹೇಳಿದ್ದೆ. ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ, ನೀವು ಹಾಕಿದ್ದು ಸಾಲದೆನಿಸಿತು, ಅರ್ಧ ಕಿಲೋ ಬಟ್ಟೆ ಸೋಪಿನ ಪುಡಿ ನಾನೇ ಸುರಿದೆ ಎಂದ. ಸ್ಟಾರ್ಟ್ ಮಾಡಿದೆಯಾ ಎಂದು ಕೇಳಿದೆ.

"ಇನ್ನೂ ಇಲ್ಲ ಸಾಬ್. ಮೊದಲು ನೆನೆಯಲಿ ಅಂತ ಬಿಟ್ಟಿದ್ದೇನೆ."

ಹೆಣ್ಣು ನೋಡುವ ಶಾಸ್ತ್ರ

ಅದೇ ದಿನ ಹನ್ನೊಂದಕ್ಕೆ ದೆಹಲಿಯ ಲೋಧಿ ಕಾಲೋನಿಯ ಕನ್ನಡದವರ ಮನೆಯಲ್ಲಿ ನಾನು ಹೆಣ್ಣು ನೋಡಬೇಕಿತ್ತು. ಎಣ್ಣೆ ಮಾರುವವನೆಂದು ಎರಡು ಸಂಬಂಧ ತಪ್ಪಿದ್ದವು, ಹಾಗಾಗಿ ಅಮ್ಮ ಈ ಸಲ 'ಕೆಮಿಸ್ಟ್' ಎಂದಷ್ಟೇ ಹೇಳಿದ್ದರು. ಫೋಟೋ ನೋಡಿದಾಗಿನಿಂದ ನನಗೂ ಈ ಹುಡುಗಿಯೇ ಬೇಕೆನಿಸಿತ್ತು. ಜನರೇಟರಿನ ಬಳಿಗೆ ಮಂಡ್ಯದ ಸಹೋದ್ಯೋಗಿಯನ್ನು ಕಳಿಸಿ ಬಂದೆ. ಉಪ್ಪಿಟ್ಟು ಬರುವಷ್ಟರಲ್ಲಿ ಅವನ ಫೋನೂ ಬಂತು. ಎದುರಿಗೆ ಹುಡುಗಿಯ ತಂದೆ, ಕೇಂದ್ರ ಸರ್ಕಾರದ ಶಿಸ್ತಿನ ಅಧಿಕಾರಿ, ಕೂತಿದ್ದರು.

"ಹಳೇ ಎಣ್ಣೆ ಒಂದು ತೊಟ್ಟೂ ಬಿಡದೆ ಖಾಲಿ ಮಾಡು," ಎಂದೆ. "ಆಮೇಲೆ ಹೊಸದು ಹಾಕು. ಬರೀ ಎಣ್ಣೆ ಬೇಡ, ಒಳಗೆಲ್ಲ ಹಾಳಾಗುತ್ತೆ, ಮಿಕ್ಸ್ ಮಾಡಿದ್ದೇ ಹಾಕು. ನಾನೂ ಇಲ್ಲಿಂದ ಸೀದಾ ಅಲ್ಲಿಗೇ ಬರ್ತೀನಿ."

ಫೋನಿಟ್ಟ ಕೂಡಲೇ, ಇದು ದಿನಾ ಇರುತ್ತದೆಯೇ ಎಂದು ಹುಡುಗಿಯ ತಂದೆ ಕೇಳಿದರು. ದಿನಾ ಸರ್, ಎಣ್ಣೆಯಿಂದಲೇ ನನ್ನ ಜೀವನ ಎಂದೆ ಹೆಮ್ಮೆಯಿಂದ. ಅವರು ಎದ್ದುನಿಂತು, ಈ ಸಂಬಂಧ ಬೇಡ ಎಂದುಬಿಟ್ಟರು.

ದೆಹಲಿಯಲ್ಲೇ ಬೆಳೆದ ಹುಡುಗಿಗೆ ತಲೆಬುಡ ತಿಳಿಯಲಿಲ್ಲ. "ಪಪ್ಪಾ, ಎಣ್ಣೆ ಅಂದ್ರೆ ತೇಲ್ ತಾನೇ? ಪ್ರಾಬ್ಲಮ್ ಏನು?"

ಗಂಡಸರ ಮಾತಿನಲ್ಲಿ ಎಣ್ಣೆಯೆಂದರೆ ಹೆಂಡ ಎಂದು ಅವರು ಬಿಡಿಸಿ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಅಡುಗೆಮನೆಯಿಂದ ಈಚೆ ಬಂದರು.

"ಹಾಗಾದ್ರೆ ಊರಿಂದ ಸ್ನೇಹಿತರು ಬಂದಾಗಲೆಲ್ಲ 'ಎಣ್ಣೆ ತಂದಿದ್ದಾರೆ' ಅಂತ ಓಡ್ತೀರಲ್ಲ, ಅದು ಕೊಬ್ಬರಿ ಎಣ್ಣೆ ಅಲ್ವಾ?"

ಹುಡುಗಿಯ ತಂದೆ ಮೆಲ್ಲಗೆ ಕೂತು ನನ್ನ ಕಡೆ ತಿರುಗಿದರು.

"ನೀವು ಹೇಳಿದ್ದು ಮಶೀನ್ ಎಣ್ಣೆ ತಾನೇ? ನನಗೆ ಗೊತ್ತಿತ್ತು, ಸುಮ್ನೆ ತಮಾಷೆ ಮಾಡ್ದೆ. ಚಲೋ, ಮುಹೂರ್ತ ಯಾವಾಗ ಇಟ್ಕೊಳ್ಳೋಣ?"