ಜಾಡಿಯೊಳಗಿನ ಗ್ರೈಂಡರ್

ಬುದ್ಧಿವಂತರ ಮಾತು ಕೇಳಿ ದುಡ್ಡು ಹಾಕುವ ಯೋಗ ನನ್ನ ಜಾತಕದಲ್ಲೇ ಇರಬೇಕು. ಲಾಟರಿ, ಚೀಟಿ, ತೇಗದ ಸಸಿ, ಒಂದಲ್ಲ ಒಂದು ನನ್ನ ಮನೆ ಬಾಗಿಲು ಹುಡುಕಿಕೊಂಡು ಬರುತ್ತಲೇ ಇರುತ್ತದೆ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ ಬಂದ ವೈನಿನ ಮುಂದೆ ಅವೆಲ್ಲ ಏನೂ ಅಲ್ಲ.

ಆಗ ನಾನು ಯಶವಂತಪುರದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ನಮ್ಮ ಸೂಪರ್‌ವೈಸರ್ ಆರು ತಿಂಗಳು ಜರ್ಮನಿಯಲ್ಲಿ ಟ್ರೈನಿಂಗ್ ಮುಗಿಸಿ ಬಂದಿದ್ದರು. ಅಲ್ಲಿ ಮಿಷನ್ನಿನ ಬಗ್ಗೆ ಏನು ಕಲಿತರೋ ತಿಳಿಯದು, ಊಟದ ಹೊತ್ತಿನಲ್ಲಿ ನಮಗೆ ವೈನಿನ ಪಾಠ ಮಾತ್ರ ತಪ್ಪುತ್ತಿರಲಿಲ್ಲ.

"ಅಲ್ಲಿ ಜನ ಸೈಟು ಕೊಳ್ಳಲ್ಲ ಕಣ್ರೀ, ವೈನ್ ಕೊಂಡು ಇಡ್ತಾರೆ. ಐದು ವರ್ಷ ಮುಟ್ಟದೆ ಇಟ್ರೆ ಸಾಕು, ಬೆಲೆ ತಾನಾಗೇ ಏರುತ್ತೆ. ನಮ್ಮ ಸುತ್ತ ಇಷ್ಟೊಂದು ದ್ರಾಕ್ಷಿ ತೋಟ ಇದೆ, ಒಬ್ಬನಿಗೂ ತಲೆ ಓಡಿಲ್ಲ."

ನನ್ನ ತಲೆ ಓಡಿತು. ಖರ್ಚು ಇಬ್ಬರದೂ ಸಮಪಾಲು ಎಂದು ಮಾತಾಯಿತು.

೧. ರುಚಿ ನೋಡಿದ್ದು

ಒಂದು ಭಾನುವಾರ ಬೆಳಗ್ಗೆ ಬಸ್ ಹತ್ತಿ ಹುಣಸಮಾರನಹಳ್ಳಿಗೆ ಹೋದೆವು. ಅಲ್ಲಿ ಗೌಡರೊಬ್ಬರ ತೋಟದಲ್ಲಿ ಕಪ್ಪು ದ್ರಾಕ್ಷಿ ಚಪ್ಪರದ ತುಂಬ ತೂಗುತ್ತಿತ್ತು. ನಾನು ರೇಟು ಕೇಳಲು ಬಾಯಿ ತೆರೆದೆ. ಸೂಪರ್‌ವೈಸರ್ ನನ್ನ ಕೈ ಹಿಡಿದು, "ಮೊದಲು ಈ ವರ್ಷದ ಬೆಳೆಗೆ ಯೋಗ್ಯತೆ ಇದೆಯಾ ನೋಡೋಣ, ಆಮೇಲೆ ರೇಟು" ಎಂದರು.

ಗೌಡರು ಏನೋ ಹೇಳಲು ಹತ್ತಿರ ಬಂದರು. ಅವರಿಗೂ ಸುಮ್ಮನಿರುವಂತೆ ಸನ್ನೆ ಆಯಿತು. ಸೂಪರ್‌ವೈಸರ್ ಗೊಂಚಲಿನಿಂದ ನಾಲ್ಕು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಬಾಯಲ್ಲೇ ಆ ಕಡೆ ಈ ಕಡೆ ಹೊರಳಿಸಿದರು. ಹುಬ್ಬು ಮೇಲಕ್ಕೆ ಹೋಯಿತು.

"ಅದ್ಭುತ ಕಣ್ರೀ! ಸಿಹಿ ಇದೆ, ಹುಳಿ ಇದೆ, ಕೊನೆಯಲ್ಲಿ ಒಂಥರಾ ತಾಮ್ರದ ರುಚಿ ಬರುತ್ತೆ. ಇದು ಮಣ್ಣಿನ ಗುಣ. ಜರ್ಮನಿಯಲ್ಲಿ ಇದಕ್ಕೇ ದುಡ್ಡು ಕೊಡೋದು."

ಗೌಡರಿಗೆ ಈಗ ಮಾತಾಡಲು ಅವಕಾಶ ಸಿಕ್ಕಿತು. "ಅದು ಮಣ್ಣಲ್ಲ ಸ್ವಾಮಿ, ಮೈಲುತುತ್ತ. ಬೆಳಿಗ್ಗೆ ತಾನೇ ಆ ಸಾಲಿಗೆ ಔಸ್ದಿ ಒಡೆದಿವ್ನಿ. ಬಾವಿ ಅಲ್ಲೈತೆ, ಓಗಿ ಬಾಯಿ ತೊಳ್ಕಳಿ."

೨. ಮಡಿಯಲ್ಲಿ ಹಿಂಡಿದ್ದು

ಬೇರೆ ಸಾಲಿನ ಹಣ್ಣು ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಗೆ ಬಂತು. ಈಗ ಜಾಡಿ ಬೇಕು. ನನ್ನ ಹೆಂಡತಿಯ ತವರಿನಿಂದ ಬಂದ ದೊಡ್ಡ ಉಪ್ಪಿನಕಾಯಿ ಜಾಡಿಯೊಂದಿತ್ತು, ಇಬ್ಬರು ಹಿಡಿದರೇ ಏಳುವಂಥದು. ಅದರ ಮೇಲೆ ಅವಳಿಗೆ ಪ್ರಾಣ.

"ಐದು ವರ್ಷ ನಾನು ಮಾವಿನಕಾಯಿ ಎಲ್ಲಿ ಹಾಕ್ಲಿ? ತಲೆ ಮೇಲಾ?" ಎಂದಳು.

"ಐದು ವರ್ಷ ತಡ್ಕೋ. ಈ ಜಾಡಿಯಿಂದಲೇ ನಿನಗೆ ಕರೆಂಟ್ ಗ್ರೈಂಡರ್ ಬರುತ್ತೆ" ಎಂದು ಮಾತು ಕೊಟ್ಟುಬಿಟ್ಟೆ. ಒರಳು ತಿರುಗಿಸಿ ತಿರುಗಿಸಿ ಅವಳ ರಟ್ಟೆ ಬಿದ್ದುಹೋಗಿತ್ತು. ಜಾಡಿ ಕೊಟ್ಟಳು.

ಉಳಿದದ್ದು ನನ್ನ ತಾಯಿ. ಮಡಿ ಹೆಂಗಸು, ವೈನ್ ಎಂದರೆ ನಮ್ಮಿಬ್ಬರನ್ನೂ ಜಾಡಿಯನ್ನೂ ಬೀದಿಗೆ ಇಡುತ್ತಿದ್ದರು. ಅವರಿಗೆ ಹಳೇ ಕೆಮ್ಮು. ಪೇಟೆಯಿಂದ ದ್ರಾಕ್ಷಾರಿಷ್ಟ ತರಿಸಿಕೊಳ್ಳಲು ತಿಂಗಳಿಗೆ ಎರಡು ಬಾಟಲಿಯ ದುಡ್ಡು ನಾನು ಕೊಡುತ್ತಿದ್ದೆ. ಅದೇ ನೆನಪಾಗಿ, "ಇದೂ ಅರಿಷ್ಟವೇ ಅಮ್ಮ. ಆದ್ರೆ ಐದು ವರ್ಷ ಹಳೇದಾಗ್ಬೇಕು" ಎಂದೆ.

"ಔಷಧಿ ಅಂದ್ಮೇಲೆ ಮೈಲಿಗೇಲಿ ಮಾಡ್ತಾರೇನೋ?" ಎಂದರು ತಾಯಿ.

ಹೀಗಾಗಿ ಜರ್ಮನಿ ಕಂಡುಬಂದ ನಮ್ಮ ಸೂಪರ್‌ವೈಸರ್ ಬೆಳಗಿನ ಚಳಿಯಲ್ಲಿ ನಮ್ಮ ಹಿತ್ತಲಲ್ಲಿ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯುಟ್ಟು, ಹಲ್ಲು ಕಟಕಟ ಎನಿಸುತ್ತಾ ಬಟ್ಟೆಯಲ್ಲಿ ದ್ರಾಕ್ಷಿ ಕಟ್ಟಿ ಹಿಂಡಿದರು. ತಾಯಿ ಬಾಗಿಲಲ್ಲಿ ನಿಂತು ನೋಡಿ ನನ್ನ ಹೆಂಡತಿಗೆ ಹೇಳಿದರು: "ಎಷ್ಟು ಚೆನ್ನಾಗಿ ಹಿಂಡ್ತಾರೆ ನೋಡೇ! ಪಾಪ, ಮನೇಲಿ ಬಟ್ಟೆಯೆಲ್ಲಾ ಇವರೇ ಒಗೀತಾರೆ ಅನ್ಸುತ್ತೆ."

೩. ಹೊಸ ಬೆಳೆಯ ಯೋಗ್ಯತೆ

ಪ್ರತಿವರ್ಷ ದ್ರಾಕ್ಷಿ ಬಂದಾಗ ಸೂಪರ್‌ವೈಸರ್ ನಮ್ಮ ಮನೆಗೆ ಬಂದು ಉಗ್ರಾಣದಲ್ಲಿಟ್ಟ ಜಾಡಿಯ ಮುಚ್ಚಳ ತೆಗೆದು ಒಂದು ಕಡ್ಡಿ ಇಳಿಬಿಡುವರು. ರುಚಿ ನೋಡುವಂತಿಲ್ಲ, ಹೊತ್ತಿಗೆ ಮುಂಚೆ ನೋಡಿದರೆ ಬೆಲೆ ಬಿದ್ದುಹೋಗುತ್ತದಂತೆ. ಕಡ್ಡಿಯ ಮೇಲೆ ಮೊದಲ ವರ್ಷ ಹಾಕಿದ ಗುರುತಿಗೆ ರಸ ಸರಿಯಾಗಿ ಮುಟ್ಟುತ್ತಿತ್ತು.

"ಒಂದು ತೊಟ್ಟೂ ಆರಿಲ್ಲ! ಜರ್ಮನಿಯಲ್ಲೂ ವರ್ಷಕ್ಕಿಷ್ಟು ಅಂತ ಇಳಿಯುತ್ತೆ ಕಣ್ರೀ. ನಿಮ್ಮ ಉಗ್ರಾಣದಲ್ಲಿ ಏನೋ ವಿಶೇಷ ಇದೆ."

"ಬಣ್ಣ ಯಾಕೋ ತೆಳುವಾಗ್ತಿದೆಯಲ್ಲ ಸಾರ್?"

"ಪಕ್ವ ಆಗ್ತಿದೆ ಅಂತ ಅರ್ಥ."

ಮೂರನೆಯ ವರ್ಷ ಇನ್ನೊಂದು ಜಾಡಿ ಹಾಕುವ ಹುಮ್ಮಸ್ಸು ಬಂತು. ಮತ್ತೆ ಹುಣಸಮಾರನಹಳ್ಳಿಗೆ ಹೋದೆವು. ಈ ಸಲ ಸೂಪರ್‌ವೈಸರ್ ಹಣ್ಣು ಮುಟ್ಟಲಿಲ್ಲ, ಗೌಡರನ್ನೇ ಕೇಳಿದರು: "ಆ ವರ್ಷದ ಬೆಳೆಗೆ ಹೋಲಿಸಿದ್ರೆ ಈ ವರ್ಷದ್ದು ಹೇಗೆ? ಕೊಟ್ಟ ದುಡ್ಡಿಗೆ ಮೋಸ ಇಲ್ಲ ತಾನೇ?"

ಗೌಡರು ಒಂದು ಗೊಂಚಲನ್ನು ಅಂಗೈಯಲ್ಲಿ ತೂಗಿ ನೋಡಿದರು. "ಬಳ್ಳಿ ಅದೇಯ, ಗೊಬ್ರ ಅದೇಯ, ನಾನೂ ಅವ್ನೇಯ. ರೇಟೊಂದು ಒಸದು ಸ್ವಾಮಿ."

ಆ ಹೊಸ ರೇಟು ಕೇಳಿ ಬರಿಗೈಲಿ ವಾಪಸು ಬಂದೆವು. ಬಾಗಿಲು ತೆರೆದ ಹೆಂಡತಿ ಮೊದಲು ನೋಡಿದ್ದು ನಮ್ಮ ಕೈಯನ್ನು. "ಸದ್ಯ! ಇರೋ ಜಾಡಿ ಗ್ರೈಂಡರ್ ಆಗ್ಲಿ ಮೊದ್ಲು" ಎಂದಳು.

೪. ಮೇಜರ್ ಬಂದದ್ದು

ಐದು ವರ್ಷ ತುಂಬಿತು. ಹೆಬ್ಬಾಳದ ಕಡೆ ನೆಲೆಸಿದ್ದ ನಿವೃತ್ತ ಮೇಜರ್ ಒಬ್ಬರನ್ನು ಸೂಪರ್‌ವೈಸರ್ ಹಿಡಿದು ತಂದರು. ದೇಶವಿದೇಶದ ವೈನ್ ಕುಡಿದ ನಾಲಿಗೆ. ಮೆಚ್ಚಿದರೆ ಜಾಡಿ ಪೂರ್ತಿ ಅವರೇ ಕೊಳ್ಳುವುದೆಂದು ಮಾತು. ತಾಯಿ ದೇವಸ್ಥಾನಕ್ಕೆ ಹೋಗಿದ್ದ ಹೊತ್ತು ನೋಡಿ ಜಾಡಿಯನ್ನು ನಡುಮನೆಗೆ ತಂದೆವು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು. ಐದು ವರ್ಷ ಚಿಕ್ಕಪುಟ್ಟ ಬಾಟಲಿಗಳಲ್ಲಿ ಉಪ್ಪಿನಕಾಯಿ ಹಾಕಿ, ಒರಳು ತಿರುಗಿಸಿದ್ದು ಅವಳು.

ಮೇಜರ್ ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಮೀಸೆ ಒರೆಸಿಕೊಂಡರು.

"ಇದು ಶುಂಠಿ ಕಷಾಯ ಅಲ್ವೇನ್ರೀ?"

ಸೂಪರ್‌ವೈಸರ್ ಜಾಡಿಯೊಳಗೆ ಬಗ್ಗಿ ನೋಡಿದರು. ಆಗಲೇ ತಾಯಿ ಕುಂಕುಮ ಹಿಡಿದು ಒಳಗೆ ಬಂದರು. "ನನ್ನ ಔಷಧಿ ಜಾಡೀನ ಯಾಕೋ ಹೊರಗಿಟ್ಟಿದ್ದೀ?"

"ನಿನ್ನ ಔಷಧೀನಾ?"

"ಮತ್ತಿನ್ನೇನು? ಮೊದಲ ವರ್ಷದಿಂದ ದಿನಾ ಸಂಜೆ ಒಂದು ಪುಟ್ಟ ಲೋಟ ಕುಡೀತಿದ್ದೀನಿ. ಕೆಮ್ಮು ಓಡ್ಹೋಯ್ತು, ಒಳ್ಳೇ ನಿದ್ದೆ. ನೀವು ಕಡ್ಡಿ ಬಿಟ್ಟು ನೋಡ್ತೀರಲ್ಲ, ಕಮ್ಮಿಯಾದ್ರೆ ಬೇಜಾರು ಮಾಡ್ಕೋತೀರ ಅಂತ, ಕುಡಿದಷ್ಟೂ ಕುದಿಸಿದ ನೀರು ಹಾಕಿಡ್ತಿದ್ದೆ. ಈಚೀಚೆಗೆ ಖಾರ ಸಾಲ್ದು ಅಂತ ಒಂದಿಷ್ಟು ಶುಂಠಿ."

ಮೇಜರ್ ಹೊಟ್ಟೆ ಹಿಡಿದು ನಕ್ಕರು. ಹೆಂಡತಿ ನಗಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಹೋಯ್ತು ಬಿಡಿ, ನನ್ನ ಗ್ರೈಂಡರು" ಎಂದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು, ತಲೆ ಎತ್ತಲಿಲ್ಲ.

ತಾಯಿ ಸೊಸೆಯ ಮುಖ ನೋಡಿದರು. ದೇವರ ಮನೆಗೆ ಹೋಗಿ ಹಳೇ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಅವಳ ಕೈಲಿಟ್ಟರು. ಒಳಗೆ ಮಡಿಸಿದ ನೋಟುಗಳು. "ಮನೇಲೇ ಇಷ್ಟು ಒಳ್ಳೇ ಔಷಧಿ ಇರುವಾಗ ಪೇಟೇದು ಯಾಕೆ ತರಿಸ್ಲಿ? ನಿನ್ನ ಗಂಡ ತಿಂಗಳು ತಿಂಗಳು ಕೊಟ್ಟ ಬಾಟಲಿ ದುಡ್ಡು ಇದು. ತಗೋ."

ಕಮ್ಮಿ ಬಿದ್ದದ್ದನ್ನು ಸೂಪರ್‌ವೈಸರ್ ತಮ್ಮ ಕೈಯಿಂದ ಹಾಕಿದರು. ಗ್ರೈಂಡರ್ ಬಂತು. ಜಾಡಿ ತೊಳೆದು ಹೆಂಡತಿ ಅಂದೇ ಮಾವಿನಕಾಯಿ ತುಂಬಿದಳು. ಭಾನುವಾರ ಮೊದಲ ದೋಸೆಗೆ ಬಂದ ಸೂಪರ್‌ವೈಸರ್ ಎಂಟು ತಿಂದು, ಕೈ ತೊಳೆದ ಮೇಲೆ ಮತ್ತೆ ಜರ್ಮನಿಯ ಪಾಠ ಶುರು ಮಾಡಿದರು.

"ನಾನು ಹೇಳಿರ್ಲಿಲ್ವೇನ್ರೀ? ಐದು ವರ್ಷ ಇಟ್ರೆ ಬೆಲೆ ಬಂದೇ ಬರುತ್ತೆ!"

"ನಿಜ ಕಣ್ರಪ್ಪಾ" ಎಂದರು ತಾಯಿ. "ಬೇಗ ಇನ್ನೊಂದು ಜಾಡಿ ತನ್ನಿ. ಇವಳಿಗೆ ಫ್ರಿಜ್ಜು ಬೇಕಂತೆ, ನಾನು ಈಗಿಂದಲೇ ಕುಡಿಯೋಕೆ ಶುರು ಮಾಡ್ಬೇಕು."